ಎಡಗಡೆ, ಎರಡು ಗಂಟೆಯ ಜಾಗ

ಅಚ್ಚಿನಕ್ಕ ಒಲೆಯ ಮೇಲಿನ ಜೆಲ್ಲಿಯಿಂದ ನೊರೆ ತೆಗೆಯುತ್ತಿದ್ದಳು. ಒಂದು ಗುಳ್ಳೆ ಉಳಿದರೂ ಯಂತ್ರ ಅದನ್ನೇ ಗಂಟು ಎಂದು ಹಟ ಹಿಡಿಯುತ್ತದೆ.

ಸ್ತನ ಕ್ಯಾನ್ಸರ್ ಪತ್ತೆಮಾಡುವ ಹೊಸ ಯಂತ್ರಗಳ ಪ್ರಯೋಗಾಲಯ ಅದು. ಒಂದು ಯಂತ್ರ ಶಾಖ ನೋಡುತ್ತದೆ, ಒಂದು ಬೆಳಕು ಹಾಯಿಸುತ್ತದೆ, ಇನ್ನೊಂದು ಶಬ್ದದ ಅಲೆ ಬಿಟ್ಟು ಕಿವಿಗೊಡುತ್ತದೆ. ಹೆಂಗಸರ ಮೈಮುಟ್ಟುವ ಮೊದಲು ಇವೆಲ್ಲ ಜೆಲ್ಲಿಯ ಸ್ತನದ ಮೇಲೆ ಪಾಸಾಗಬೇಕು. ಅದನ್ನು ಅಚ್ಚಿಗೆ ಎರೆದು, ಒಳಗೊಂದು ಗಂಟು ಬಚ್ಚಿಟ್ಟು, ಜಾಗವನ್ನು ಚೀಟಿಯಲ್ಲಿ ಬರೆದು ಲಕೋಟೆ ಅಂಟಿಸುವುದು ಅವಳ ಕೆಲಸ. ಹುಡುಕುವುದು ಶಬ್ದದ ಯಂತ್ರದ ಟೆಕ್ನಿಷಿಯನ್‌ 'ಮೀಸೆ'ಯ ಕೆಲಸ; ದಪ್ಪ ಮೀಸೆಯಿಂದಾಗಿ ಅವನಿಗೆ ಬಿದ್ದ ಹೆಸರದು. ಎಲ್ಲರಿಗೂ ಅವಳು ಅಚ್ಚಿನಕ್ಕ. ಮೀಸೆಯೊಬ್ಬ ಮಾತ್ರ ಜಾಣತನದಿಂದ 'ಅಕ್ಕ' ಎಂಬುದನ್ನು ಬಿಟ್ಟು ಬರೀ 'ರೀ' ಎನ್ನುತ್ತಿದ್ದ.

ಎರಡು ವರ್ಷದ ಈ ಕಣ್ಣಾಮುಚ್ಚಾಲೆಯಲ್ಲಿ ವಯಸ್ಸು ನಲವತ್ತು ದಾಟಿದ್ದು ಇಬ್ಬರಿಗೂ ಮರೆತಿತ್ತು. ಗಂಟು ಸಿಗದೆ ಸೋತ ದಿನ ಅವನು ಅವಳ ಪಾತ್ರೆ ತೊಳೆಯಬೇಕು. ಈಚೆಗೆ ಬೇಕೆಂದೇ ಸೋಲುತ್ತಿದ್ದ. ಕಳೆದ ತಿಂಗಳು ತಳ ಉಜ್ಜುತ್ತಲೇ ಕೇಳಿದ್ದ: "ರೀ, ನಮ್ಮಿಬ್ಬರಿಗೂ ಒಂದೇ ಅಡುಗೆಮನೆ ಆದ್ರೆ ಹೇಗೆ?"

"ತಡೀರಿ" ಎಂದಿದ್ದಳು. ಯಾಕೆಂದು ಹೇಳಿರಲಿಲ್ಲ.

ಇವತ್ತು ಬಾಗಿಲಲ್ಲಿ ನಿಂತವನ ಮೀಸೆಯಡಿ ಎಂದಿನ ನಗು ಇರಲಿಲ್ಲ.

"ಎಡಗಡೆ, ಎರಡು ಗಂಟೆಯ ಮುಳ್ಳು ನಿಲ್ಲೋ ಜಾಗ. ಬಟಾಣಿಯಷ್ಟು ಗಂಟು. ಸೋಮವಾರನೂ ಅಲ್ಲೇ, ನಿನ್ನೇನೂ ಅಲ್ಲೇ."

"ಕೈ ತಪ್ಪಿರಬೇಕು."

"ನಿಮ್ಮ ಕೈ ತಪ್ಪಲ್ಲ ರೀ. ಯಾರದು ಅದು?"

ಸೌಟು ಪಾತ್ರೆಯಲ್ಲೇ ನಿಂತಿತು.

"ಮ್ಯಾಮೊಗ್ರಾಮ್‌ನಲ್ಲಿ ಕಾಣ್ಲಿಲ್ಲ. ನನ್ನದು ಒಳಗೆಲ್ಲ ದಟ್ಟವಂತೆ. ಫಿಲ್ಮಿನಲ್ಲಿ ಅದೂ ಬೆಳ್ಳಗೆ, ಗಂಟೂ ಬೆಳ್ಳಗೆ. ಹಾಲಲ್ಲಿ ಸುಣ್ಣ ಹುಡುಕಿದ ಹಾಗೆ. ನನ್ನ ಬೆರಳಿಗೆ ಮಾತ್ರ ಸಿಗುತ್ತೆ. ಶಬ್ದದ ಸ್ಕ್ಯಾನಿಗೆ ಫಾರ್ಮ್ ತುಂಬಿ ಕಳಿಸಿ ಅಂದ್ರು."

"ಯಾವಾಗ?"

"ಆರು ವಾರ ಆಯ್ತು. ಇನ್ನೂ ಕಳಿಸಿಲ್ಲ."

ಅವನು ಬೈಯಲಿಲ್ಲ. ಸ್ಟೂಲ್ ಎಳೆದು ಕೂತ. "ನಾನಂತೂ ಸ್ಕ್ಯಾನ್ ಮಾಡಲ್ಲ, ನಮ್ಮ ಯಂತ್ರ ಇನ್ನೂ ಜೆಲ್ಲಿಗಷ್ಟೇ. ಆಸ್ಪತ್ರೆಯ ಡಾಕ್ಟರಮ್ಮ ಮಾಡ್ಲಿ. ನಾನು ಹೊರಗೆ ಬೆಂಚ್ ಮೇಲೆ ಕೂತಿರ್ತೀನಿ."

"ಕೆಟ್ಟದ್ದೇ ಆದ್ರೆ?"

"ಆಗ್ಲೂ ಬೆಂಚ್ ಅಲ್ಲೇ ಇರುತ್ತಲ್ಲ."

ಅವಳಿಗೆ ನಗು ಬಂತು. ಹಿಂದೆಯೇ ಕಣ್ಣೂ ತುಂಬಿತು. ಒಲೆ ಆರಿಸಿ ಡ್ರಾಯರ್ ಎಳೆದಳು. ಫಾರ್ಮಿನಲ್ಲಿ ಎಲ್ಲ ತುಂಬಿತ್ತು, ಕೊನೆಯ ಸಾಲೊಂದು ಬಿಟ್ಟು: ಜೊತೆಗೆ ಬರುವವರು ನಿಮಗೇನಾಗಬೇಕು? ಅವನ ಮುಖವನ್ನು ಒಮ್ಮೆ ನೋಡಿದಳು. ಅಂಗೈ ಮರೆಮಾಡಿ ಒಂದು ಪದ ಬರೆದು, ಲಕೋಟೆಗೆ ಹಾಕಿ ಅಂಟಿಸಿಯೇಬಿಟ್ಟಳು.

"ಉತ್ತರ ತೋರಿಸಲ್ವಾ?"

"ಹುಡುಕೋದು ನಿಮ್ಮ ಕೆಲಸ."

ಬೀದಿ ತಿರುವಿನ ಅಂಚೆಡಬ್ಬಿಯ ಬಾಯಲ್ಲಿ ಅವಳ ಬೆರಳುಗಳು ಲಕೋಟೆಯನ್ನು ಬಿಡದೆ ನಿಂತವು. ಅವನು ಅವಸರ ಮಾಡದೆ ಪಕ್ಕದಲ್ಲೇ ನಿಂತ. ಆಮೇಲೆ ಅವಳೇ ಬಿಟ್ಟಳು. ಕಾಗದ ತಳ ಮುಟ್ಟಿದ ಸದ್ದನ್ನು ಇಬ್ಬರೂ ಕಿವಿಗೊಟ್ಟು ಕೇಳಿದರು.