ಹದಿನಾಲ್ಕು ಅಡ್ಡ

ಅವನು ತೆತ್ತದ್ದು ಹನ್ನೊಂದು ವರ್ಷದ ಶುಕ್ರವಾರಗಳು, ಬಲಗಣ್ಣಿನ ಅರ್ಧ ದೃಷ್ಟಿ, ಮತ್ತು ಕುರ್ಚಿಯಿಂದ ಏಳುವಾಗಲೆಲ್ಲ ಜಗಳ ತೆಗೆಯುವ ಒಂದು ಬೆನ್ನು. ಬದಲಿಗೆ ಸಿಕ್ಕಿದ್ದು ಭಾವನ ಮನೆಯಲ್ಲಿ ವಾರಕ್ಕೊಂದು ಊಟ.

ಪತ್ರಿಕೆಯೊಂದರಲ್ಲಿ ಕರಡು ತಿದ್ದುವುದು ಅವನ ಕೆಲಸ. ಅದೇ ಪತ್ರಿಕೆಯ ಭಾನುವಾರದ ನಿಗೂಢ ಪದಬಂಧ ಅವನ ಅಕ್ಕನ ಗಂಡನ ಹೆಸರಿನಲ್ಲಿ ಬರುತ್ತಿತ್ತು. ಓದುಗರು ಮೂರು ದಿನ ತಲೆ ಕೆರೆದುಕೊಳ್ಳುತ್ತಿದ್ದ ಸುಳಿವುಗಳೆಲ್ಲ ಹುಟ್ಟುತ್ತಿದ್ದದ್ದು ಮಾತ್ರ ಈ ಭಾವಮೈದುನನ ತಲೆಯಲ್ಲಿ. ಈಗ ಅವೆಲ್ಲ ಸೇರಿ ಪುಸ್ತಕವಾಗಿತ್ತು. ಬೆನ್ನುಪುಟದ ತುಂಬ ಭಾವನ ಪಟ. ಇವನ ಹೆಸರು ಕೃತಜ್ಞತೆಯ ಸಾಲಿನಲ್ಲೂ ಇರಲಿಲ್ಲ.

"ನಿಂಗ್ಯಾಕೋ ಹೆಸರು? ತಪ್ಪು ಹುಡುಕೋನಿಗೆ ಹೆಸರು ಬಂದ್ರೆ ಜನ ಅವನ ತಪ್ಪು ಹುಡುಕೋಕೆ ಶುರು ಮಾಡ್ತಾರೆ" ಎಂದು ಭಾವ ನಕ್ಕ.

"ಸುಮ್ನಿರಿ ಅಂದ್ರೆ! ಅವನ ಮುಖ ನೋಡಿ, ಹೇಗೆ ಊದ್ಕೊಂಡಿದೆ" ಎಂದಳು ಅಕ್ಕ. ಅವಳೂ ನಗುತ್ತಲೇ ಇದ್ದಳು.

ಮುಂದಿನ ಶುಕ್ರವಾರ ಅವನು ಒಂದು ಹೊಸ ಸುಳಿವು ಕೊಟ್ಟ: 'ಲೇಖಕ ಪಟದಲ್ಲಿ ಅಡಗಿಸಿಟ್ಟ ಮೋಸ, ಮೂರಕ್ಷರ.' ಮೊದಲೆರಡು ಪದಗಳನ್ನು ಸೇರಿಸಿ ಓದಿದರೆ ನಡುವೆ 'ಕಪಟ' ಕೂತಿರುತ್ತಿತ್ತು. ಭಾವನಿಗೆ ಉತ್ತರ ಹೊಳೆಯಿತು, ತನಗೇ ಬೈದದ್ದು ಹೊಳೆಯಲಿಲ್ಲ. "ಭೇಷ್! ಹದಿನಾಲ್ಕು ಅಡ್ಡಕ್ಕೆ ಇದನ್ನೇ ಹಾಕ್ತೀನಿ" ಎಂದು ಬೆನ್ನು ತಟ್ಟಿದ. ಆ ಕೈ ಬೆನ್ನ ಮೇಲಿದ್ದಾಗಲೇ ಅವನು ಭಾವನನ್ನು ಮುಗಿಸುವ ತೀರ್ಮಾನಕ್ಕೆ ಬಂದ.

ಮುಗಿಸುವುದು ಸುಲಭವಾಗಿತ್ತು. ಭಾನುವಾರ ಬೆಳಿಗ್ಗೆ ಅಕ್ಕ ಸಂಗೀತದ ಪಾಠಕ್ಕೆ ಹೋಗುತ್ತಾಳೆ. ಭಾವ ನಾಲ್ಕನೇ ಮಹಡಿಯ ಮೇಲಿನ ತಾರಸಿಗೆ ಹೋಗಿ, ಮೊಣಕಾಲೆತ್ತರದ ಗೋಡೆಯ ಮೇಲೆ ಕುಳಿತು, ಅಚ್ಚಾದ ತನ್ನ ಹೆಸರನ್ನು ನೋಡಿಕೊಳ್ಳುತ್ತಾನೆ. ಒಂದು ತಳ್ಳು ಸಾಕು. ಕಷ್ಟವಿದ್ದದ್ದು ಆ ಹೊತ್ತಿನಲ್ಲಿ ತಾನು ಮನೆಯಲ್ಲೇ ಇದ್ದೆ ಎಂದು ತೋರಿಸುವುದರಲ್ಲಿ. ಅದಕ್ಕೆ ಅವನ ಗೆಳೆಯರ ಗುಂಪಿತ್ತು.

ನಿವೃತ್ತ ನರ್ಸಮ್ಮ, ಗಡಿಯಾರ ರಿಪೇರಿಯವನು, ಲೆಕ್ಕದ ಮೇಡಂ ಮತ್ತು ಅವನು. ಪ್ರತಿ ಭಾನುವಾರ ಒಂಬತ್ತರಿಂದ ನಾಲ್ವರೂ ಅವರವರ ಮನೆಯಲ್ಲೇ ಕುಳಿತು, ಫೋನಿನಲ್ಲಿ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತ ಪದಬಂಧ ಬಿಡಿಸುತ್ತಿದ್ದರು. ಗುಂಪಿಗೆ ಎರಡೇ ನಿಯಮ. ಯಾರೂ ಉತ್ತರ ಹೇಳಬಾರದು, ದಾರಿ ಮಾತ್ರ ತೋರಿಸಬೇಕು. ಸಹಾಯ ಕೇಳುವವರು ಸುಳಿವನ್ನು ಪೂರ್ತಿ ಬರೆದೇ ಕೇಳಬೇಕು. ಸುಳಿವುಗಳ ತಾಯಿಬೇರು ಇವನೇ ಎಂಬುದು ಮೂವರಿಗೂ ಗೊತ್ತಿರಲಿಲ್ಲ. ಅವರೆದುರು ಸೋತಂತೆ ನಟಿಸುವುದು ವಾರದಲ್ಲಿ ಅವನಿಗಿದ್ದ ಒಂದೇ ಸುಖ.

ಶನಿವಾರ ಬೆಳಿಗ್ಗೆ, ಮೇಜಿನ ಮೇಲಿನ ಹತ್ತಾರು ಹಾಳೆಗಳ ನಡುವೆ ಪದಬಂಧದ ಕರಡೂ ಬಂತು. ಭಾವನ ಹಸ್ತಪ್ರತಿ ಪಕ್ಕಕ್ಕಿಟ್ಟುಕೊಂಡು, ಎಂದಿನ ವೇಗದಲ್ಲಿ ಕೆಂಪು ಪೆನ್ನು ಆಡಿಸಿ ರಾಶಿಗೆ ಸೇರಿಸಿದ. ಸಂಜೆ ಆ ಹಾಳೆ ಮಡಚಿ ಚೀಲಕ್ಕೆ ಸೇರಿತು.

"ಪದಬಂಧದಲ್ಲಿ ತಿದ್ದುಪಡಿ ಏನಾದ್ರೂ ಇದ್ಯಾ ಸಾರ್?" ಎಂದು ಪುಟ ಕಟ್ಟುವವನು ಕೆಳಗಿನಿಂದ ಕೂಗಿದ.

"ಏನಿಲ್ಲ, ಬಿಟ್ಬಿಡಿ."

ಮನೆಯಲ್ಲಿ ಅವನು ಆ ಹಾಳೆ ನೋಡಿಕೊಂಡು ಏಳು ಸಂದೇಶ ಬರೆದ. ಗಂಟೆ ನಿಮಿಷ ಗೊತ್ತುಮಾಡಿಟ್ಟರೆ ಫೋನು ತಾನೇ ಕಳಿಸುತ್ತದೆ. ಒಂದರಲ್ಲಿ ಗೊಣಗಾಟ, ಒಂದರಲ್ಲಿ 'ಸಿಕ್ತು ಸಿಕ್ತು!' ಎಂಬ ಕುಣಿದಾಟ. ಹತ್ತು ಇಪ್ಪತ್ತಕ್ಕೆ, ಭಾವ ಗಾಳಿಯಲ್ಲಿರುವ ಹೊತ್ತಿಗೆ, ಹದಿನಾಲ್ಕು ಅಡ್ಡ. 'ಇದು ಬಗ್ಗುತ್ತಿಲ್ಲ, ಕೈ ಹಿಡೀರಪ್ಪ' ಎಂದು ಬರೆದು, ಸುಳಿವನ್ನು ನಿಯಮದ ಪ್ರಕಾರ ಪೂರ್ತಿ ಸೇರಿಸಿದ. ಅವರು ಅದನ್ನು ಹೊಗಳದೆ ಇರಲಾರರು. ಹಾಳೆಯನ್ನು ಒಲೆಯಲ್ಲಿ ಸುಟ್ಟ.

ಭಾನುವಾರ ಎಲ್ಲವೂ ಬರೆದಿಟ್ಟಂತೆ ನಡೆಯಿತು. ಫೋನನ್ನು ಮನೆಯ ಮೇಜಿನ ಮೇಲೆ ಬಿಟ್ಟು, ಹಿಂಬಾಗಿಲಿನಿಂದ ಹೋಗಿ, ಹಿಂಬಾಗಿಲಿನಿಂದಲೇ ಬಂದ. "ಏನೋ, ಇವತ್ತು ಭಾನುವಾರ ಅಲ್ವೇನೋ?" ಎಂಬಷ್ಟೇ ಭಾವನ ಕೊನೆಯ ಮಾತು. ಬಾಗಿಲಲ್ಲಿ ಬಿದ್ದಿದ್ದ ಪತ್ರಿಕೆ ತಂದು ಚೌಕಗಳನ್ನು ಐದೇ ನಿಮಿಷದಲ್ಲಿ ತುಂಬಿದ. ಉತ್ತರಗಳೆಲ್ಲ ಬಾಯಿಪಾಠವಾಗಿದ್ದರಿಂದ ಸುಳಿವುಗಳ ಕಡೆ ಕಣ್ಣು ಹಾಯಿಸುವ ಗೋಜಿಗೇ ಹೋಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಗುಂಪಿನವರು ಏನು ಬರೆದಿದ್ದಾರೆಂದು ನೋಡುವ ಮೊದಲೇ ಅಕ್ಕನ ಫೋನು ಬಂತು; ಆಮೇಲೆ ಅದಕ್ಕೆ ಪುರುಸೊತ್ತಾಗಲಿಲ್ಲ. ಅವಳ ಅಳುವಿನಲ್ಲಿ ಮಾತೇ ಇರಲಿಲ್ಲ.

ಸಂಜೆ ಇನ್‌ಸ್ಪೆಕ್ಟರ್ ಅವನ ಮನೆಗೆ ಬಂದರು. ತಾರಸಿಯಲ್ಲಿ ಇಬ್ಬರ ದನಿ ಕೇಳಿತೆಂದು ಪಕ್ಕದ ಮನೆಯವರು ಹೇಳಿದ್ದರಂತೆ. ಅದಕ್ಕೇ ಮನೆಯವರನ್ನೆಲ್ಲ ವಿಚಾರಿಸುತ್ತಿದ್ದರು. "ಬೆಳಿಗ್ಗೆ ಅಕ್ಕನ ಫೋನ್ ಬರೋವರೆಗೂ ನಾನು ಈ ಪೇಪರ್ ಬಿಟ್ಟು ಎದ್ದಿಲ್ಲ ಸರ್. ನೋಡಿ ಬೇಕಾದ್ರೆ" ಎಂದು ಅವನು ಫೋನನ್ನೂ ಪತ್ರಿಕೆಯನ್ನೂ ಒಟ್ಟಿಗೇ ಮುಂದಿಟ್ಟ.

ಇನ್‌ಸ್ಪೆಕ್ಟರ್ ಸಾವಕಾಶವಾಗಿ ಓದಿದರು. ಹತ್ತು ಇಪ್ಪತ್ತರ ಸಂದೇಶದ ಕೆಳಗೆ ನರ್ಸಮ್ಮ ಬರೆದಿದ್ದರು: 'ಯಾವ ಹದಿನಾಲ್ಕು? ನನ್ನ ಪೇಪರಲ್ಲಿ ಹನ್ನೆರಡಾದ ಮೇಲೆ ನೇರ ಹದಿನೇಳು.' ಅದರ ಕೆಳಗೆ ಗಡಿಯಾರದವನು: 'ನನ್ನದರಲ್ಲೂ ಇಲ್ಲ. ಅಚ್ಚಾಗದ ಸುಳಿವು ನಿಮಗೆಲ್ಲಿ ಸಿಕ್ತು ಸ್ವಾಮಿ?' ಇನ್‌ಸ್ಪೆಕ್ಟರ್ ಪತ್ರಿಕೆಯ ಮೇಲೆ ಬೆರಳಿಟ್ಟು ಅವನತ್ತ ತಿರುಗಿಸಿದರು. ಹನ್ನೆರಡು, ಅದರ ಕೆಳಗೆ ಹದಿನೇಳು. ಆಗ ಅವನಿಗೆ ಶನಿವಾರದ ಬೆಳಿಗ್ಗೆ ನೆನಪಾಯಿತು. ಕರಡಿನಲ್ಲೂ ಆ ಸಾಲು ಬಿಟ್ಟುಹೋಗಿತ್ತು. ಹನ್ನೊಂದು ವರ್ಷ ಪಳಗಿದ ಕೈ, ಯೋಚನೆಯನ್ನೂ ಮಾಡದೆ, ಹಸ್ತಪ್ರತಿ ನೋಡಿ ಅದನ್ನು ಕೆಂಪು ಶಾಯಿಯಲ್ಲಿ ಅಂಚಿಗೆ ಬರೆದಿತ್ತು. ಕೆಳಗೆ ಹೋಗಬೇಕಾಗಿದ್ದ ಆ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು, ತಿದ್ದುಪಡಿ ಏನಿಲ್ಲ ಎಂದವನೂ ಅವನೇ. ಭಾವ ಹೋದ, ಅಕ್ಕ ಕೈಬಿಟ್ಟು ಹೋದಳು, ಇನ್ನುಳಿದ ಆಯುಷ್ಯವೂ ಹೋಯಿತು. ಮರುದಿನದ ಮೊದಲ ಪುಟದಲ್ಲಿ ಅವನ ಹೆಸರು ಬಂತು.