ಸಾಲಿನಲ್ಲಿದ್ದ ನೀಲಿ ಚಪ್ಪಲಿ

ಚಂಡಮಾರುತ ಬೀಸಿದ ಮೂರನೆಯ ದಿನ ಶಾಲೆಯಲ್ಲಿ ವೈದ್ಯರ ಶಿಬಿರ ತೆರೆಯಿತು. ಸರದಿಯ ಗುರುತಿಗೆ ಎಲ್ಲರೂ ಸಾಲಿನಲ್ಲಿ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತಿದ್ದೆವು. ನನ್ನ ಚಪ್ಪಲಿಯ ಮುಂದೆ ಒಬ್ಬ ಅಜ್ಜಿಯ ನೀಲಿ ಹವಾಯಿ, ಇನ್ನೂ ಒದ್ದೆ. ಅವರ ಪಾದಕ್ಕೆ ತುಕ್ಕು ಹಿಡಿದ ತಗಡು ಹೊಕ್ಕಿತ್ತು. ನನ್ನದು ಬರೀ ತರಚು ಗಾಯ.

"ಕಣ್ಣು ಎಳೀತಿದೆಯಪ್ಪ. ಸ್ವಲ್ಪ ಚಪ್ಪಲಿ ನೋಡ್ಕೊ," ಎಂದರು ಅಜ್ಜಿ.

"ಮಲಗಿ ಅಜ್ಜಿ, ಚಪ್ಪಲಿಗೇನು ಕಾಲು ಬರುತ್ತಾ?" ಎಂದೆ. ಅವರು ನಕ್ಕು ಕಣ್ಣು ಮುಚ್ಚಿದರು.

ಅಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು, "ಧನುರ್ವಾಯು ಇಂಜೆಕ್ಷನ್ ಇನ್ನೊಂದೇ ಇರೋದು. ಮಿಕ್ಕವರು ನಾಲ್ಕು ದಿನ ಬಿಟ್ಟು ಬನ್ನಿ," ಎಂದರು.

ಈಗ ಸಾಲಿನ ಮೊದಲಿಗಿದ್ದ ನೀಲಿ ಚಪ್ಪಲಿಯನ್ನು ನಾನು ಕಾಲಿನಿಂದಲೇ ನನ್ನದರ ಹಿಂದಕ್ಕೆ ಸರಿಸಿದೆ. ಚುಚ್ಚಿಸಿಕೊಂಡು ಹೊರಬಂದಾಗ ಅಜ್ಜಿ ಇನ್ನೂ ನಿದ್ದೆಯಲ್ಲಿದ್ದರು. ಮುಖ ತೋರಿಸುವ ಧೈರ್ಯವಾಗದೆ ಹಾಗೇ ನಡೆದೆ. ಹತ್ತನೆಯ ದಿನ, ದವಡೆ ಕಚ್ಚಿಕೊಂಡು ಅವರು ತೀರಿಹೋದರೆಂದು ಕೇಳಿದೆ.

ದಿನವೂ ಬೆಳಿಗ್ಗೆ ಪಕ್ಕದ ಮನೆಯ ಮೇಷ್ಟ್ರು ಪದ್ಯ ಓದುತ್ತಾರೆ, ಕೇಳಲು ಹೋಗುವವರಲ್ಲಿ ನಾನೂ ಒಬ್ಬ. ಮೊದಲು ಹೋಗಿ ಬಾಗಿಲ ಬಳಿಯೇ ಚಪ್ಪಲಿ ಬಿಟ್ಟರೂ, ಹೊರಬರುವಾಗ ಅದು ಎಲ್ಲರದ್ದಕ್ಕಿಂತ ಹಿಂದಿರುತ್ತದೆ. ಬಿರುಬೇಸಿಗೆಯಲ್ಲೂ ಅದರ ಮುಂದಿನ ನೆಲ ತಣ್ಣಗೆ, ಒದ್ದೆಯಾಗಿರುತ್ತದೆ. ಯಾರು ಸರಿಸಿದ್ದೆಂದು ಯಾವ ಬಾಯಲ್ಲಿ ಕೇಳಲಿ?

"ಬರಿಗಾಲಲ್ಲಿ ಯಾಕ್ರೀ ಹೊರಟಿರಿ?" ಎಂದಳು ಹೆಂಡತಿ, ಇವತ್ತು. ಚಪ್ಪಲಿಯನ್ನು ಕಪಾಟಿನಲ್ಲಿಟ್ಟು, ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿಕೊಂಡಿದ್ದೆ.

ಮರಳಿ ಬಂದು ತೆರೆದೆ. ನನ್ನ ಚಪ್ಪಲಿ ಹಿಂದಿನ ಹಲಗೆಗೆ ಒತ್ತಿಕೊಂಡಿತ್ತು. ಮುಂದೆ ಇನ್ನೊಂದು ಜೋಡಿ ಹಿಡಿಯುವಷ್ಟು ಜಾಗ ಒದ್ದೆಯಾಗಿತ್ತು.