ಅಮ್ಮನ ನಿದ್ದೆಗೆ ಒಂದು ರೆಕಾರ್ಡಿಂಗ್

“ಶ್! ಯಾರೂ ಉಸಿರೂ ಬಿಡ್ಬೇಡಿ!”

ಪಿಟೀಲು ಹೊಲಿಗೆ ಮೆಷಿನ್ ಪಕ್ಕ ಮೊಬೈಲ್ ಹಿಡಿದು ನಿಂತಿದ್ದಳು. ಅವಳು ಐದನೇ ಕ್ಲಾಸು. ಏನಾದರೂ ಬೇಕು ಅಂದರೆ ಅದು ಸಿಗುವ ತನಕ ಸಣ್ಣ ದನಿಯಲ್ಲಿ ರಾಗ ಎಳೆಯುತ್ತಲೇ ಇರುತ್ತಾಳೆ ಅಂತ ಅಪ್ಪ ಇಟ್ಟ ಹೆಸರು ಅದು. ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿತ್ತು.

“ಉಸಿರು ಬಿಡದೆ ನಾನು ಬದುಕಿರೋದು ಹೇಗೇ?” ಅಡುಗೆಮನೆಯಿಂದ ಅಜ್ಜಿ ಕೇಳಿದಳು.

“ಅಯ್ಯೋ ಅಜ್ಜೀ! ಮತ್ತೆ ಹಾಳಾಯ್ತು!”

ಇದು ನಾಲ್ಕನೇ ಸಲ. ಮೊದಲ ಸಲ ಅಪ್ಪ ಕೆಮ್ಮಿದ್ದ. ಎರಡನೇ ಸಲ ರಸ್ತೆಯಲ್ಲಿ ಬೈಕ್ ಹೋಯಿತು. ಮೂರನೇ ಸಲ ಸ್ವತಃ ಪಿಟೀಲೇ ಸೀನಿದ್ದಳು, ಅದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ.

ಅವಳ ಅಮ್ಮ ಬಟ್ಟೆ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್. ಯಾವ ಹೊಲಿಗೆ ಮೆಷಿನ್ ಮುಷ್ಕರ ಹೂಡಿದರೂ ಅಮ್ಮ ತೋಳು ಮಡಚಿ, ಸ್ಕ್ರೂಡ್ರೈವರ್ ಹಿಡಿದು ಅದರ ಮುಂದೆ ಕೂತರೆ ಸಾಕು, ತೆಪ್ಪಗೆ ಓಡತೊಡಗುತ್ತಿತ್ತು. ಫ್ಯಾಕ್ಟರಿಗೆ ಹೊಸ ಕಂಪ್ಯೂಟರ್ ಮೆಷಿನ್‌ಗಳು ಬರುವುದಿತ್ತು. ಅವುಗಳ ರಿಪೇರಿ ಕಲಿತು ಬರಲಿ ಎಂದು ಅವಳನ್ನು ಮೂರು ತಿಂಗಳಿಗೆ ಬೇರೆ ದೇಶಕ್ಕೆ ಕಳಿಸಿದ್ದರು. ಹೋಗಿ ಹನ್ನೆರಡು ದಿನ ಆಗಿತ್ತು.

“ಹಾಸ್ಟೆಲ್ ಸೂಪರ್ ಆಗಿದೆ ಕಂದಾ,” ಅಂದಿದ್ದಳು ಅಮ್ಮ. “ನಲ್ಲಿ ತಿರುಗಿಸಿದ್ರೆ ಬಿಸಿನೀರು. ಹಾಸಿಗೆ ಎಷ್ಟು ಮೆತ್ತಗೆ ಅಂದ್ರೆ, ಬಿದ್ರೆ ಏಳೋದೇ ಕಷ್ಟ. ಆದ್ರೆ ನಿದ್ದೆ ಮಾತ್ರ ಬರಲ್ಲ. ಕಿಟಕಿಗೆ ಎರಡೆರಡು ಗಾಜು. ಒಂದು ಸದ್ದೂ ಇಲ್ಲ. ನನ್ನ ಕಿವಿನೇ ಕೆಟ್ಟೋಯ್ತೇನೋ ಅನ್ಸುತ್ತೆ. ನಿಮ್ಮಪ್ಪನ ಮೆಷಿನ್ ಸದ್ದು ಕೇಳ್ತಾ ಕೇಳ್ತಾ ಮಲಗಿದ ಅಭ್ಯಾಸ ನೋಡು.”

ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಗೋಡೆಯ ಆಚೆಗೆ ಎಲ್ಲರೂ ಮಲಗುವ ಕೋಣೆ.

ನಿದ್ದೆಗೆಟ್ಟ ಅಮ್ಮ ಅಲ್ಲಿ ಕ್ಲಾಸಿನಲ್ಲಿ ಎರಡು ಸಲ ತೂಕಡಿಸಿದ್ದಳಂತೆ. ಎರಡನೇ ಸಲ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಟೀಚರ್ ಕಾಲ ಮೇಲೇ ಬಿದ್ದಿತ್ತು. ಶುಕ್ರವಾರ ಟೆಸ್ಟ್. ಅದರಲ್ಲಿ ಪಾಸಾಗದವರನ್ನು ವಾಪಸ್ ಕಳಿಸಿಬಿಡುತ್ತಾರೆ. ಅಮ್ಮ ನಗುನಗುತ್ತಲೇ ಹೇಳಿದ್ದಳು, ಆದರೆ ಪಿಟೀಲು ನಗಲಿಲ್ಲ. ಎರಡು ವರ್ಷದಿಂದ ಅಮ್ಮ ಈ ಅವಕಾಶಕ್ಕೆ ಎಷ್ಟು ಕಾದಿದ್ದಳು ಅಂತ ಅವಳಿಗೆ ಗೊತ್ತಿತ್ತು.

ಅದಕ್ಕೇ ಈ ರೆಕಾರ್ಡಿಂಗ್. ಪಿಟೀಲು ಕೆಲಸವನ್ನು ಶಾಸ್ತ್ರಬದ್ಧವಾಗಿ ಶುರು ಮಾಡಿದ್ದಳು. ಯಾವ ಕೆಲಸಕ್ಕೂ ಮೊದಲು ಮೆಷಿನ್ನಿಗೆ ಎಣ್ಣೆ ಹಾಕಬೇಕು ಅನ್ನುವುದು ಆ ಮನೆಯ ಕಾನೂನು. ಅಮ್ಮನೇ ಮಾಡಿದ ಕಾನೂನು. ಅಪ್ಪ ಅದನ್ನು ದಿನಾ ಮುರಿಯುತ್ತಿದ್ದ, ಅದು ಬೇರೆ ವಿಷಯ. ಪಿಟೀಲು ಬ್ರಷ್‌ನಿಂದ ದಾರದ ಧೂಳು ತೆಗೆದಳು. ಒಂದು ತೂತನ್ನೂ ಬಿಡದೆ ಎಣ್ಣೆ ಹಾಕಿದಳು. ಕಿಟಕಿ ಮುಚ್ಚಿದಳು. ಫ್ಯಾನ್ ಆರಿಸಿದಳು. ಅಪ್ಪ ಬೆವರು ಒರೆಸಿಕೊಳ್ಳುತ್ತಾ, “ನನ್ನನ್ನೂ ಆಫ್ ಮಾಡ್ಬಿಡಮ್ಮ,” ಅಂದ.

ಐದನೇ ಸಲಕ್ಕೆ ರೆಕಾರ್ಡಿಂಗ್ ಸರಿಯಾಯಿತು. ಹತ್ತು ನಿಮಿಷ, ಮೆಷಿನ್ ಸದ್ದು ಬಿಟ್ಟು ಬೇರೇನೂ ಇಲ್ಲ. ಪಿಟೀಲು ಅದನ್ನು ಕಳಿಸಿದಳು. ಇಲ್ಲಿ ಸಂಜೆ ಆರು ಗಂಟೆ, ಅಮ್ಮ ಇರುವಲ್ಲಿ ಮಲಗುವ ಹೊತ್ತು.

ಸ್ವಲ್ಪ ಹೊತ್ತಿಗೆ ಅಮ್ಮನ ಫೋನ್ ಬಂತು.

“ಕೇಳಿದ್ಯಾ? ನಿದ್ದೆ ಬರೋ ಹಾಗಿದ್ಯಾ?”

“ಕೇಳ್ದೆ ಕಂದಾ. ತುಂಬಾ ಚೆನ್ನಾಗಿದೆ.”

ಪಕ್ಕದ ಮನೆಯವರು ಒಂದು ವಿಕಾರವಾದ ಹೂದಾನಿ ತಂದುಕೊಟ್ಟಾಗಲೂ ಅಮ್ಮ ಇದೇ ದನಿಯಲ್ಲಿ “ತುಂಬಾ ಚೆನ್ನಾಗಿದೆ” ಅಂದಿದ್ದಳು.

“ಸುಳ್ಳು ಹೇಳ್ಬೇಡ,” ಅಂದಳು ಪಿಟೀಲು.

“ಸುಳ್ಳಲ್ಲ ಪುಟ್ಟಾ. ಆದ್ರೆ ಅದು ನಮ್ಮ ಮೆಷಿನ್ನೇನಾ? ಯಾವುದೋ ದೊಡ್ಡ ಶೋರೂಮಿನ ಮೆಷಿನ್ ಥರ ಇದೆ. ನಮ್ದು ಕಿರ್ ಕಿರ್ ಅಂತಿತ್ತಲ್ಲ?”

“ಎಣ್ಣೆ ಹಾಕ್ದೆ. ನೀನೇ ತಾನೇ ಹೇಳಿರೋದು?”

ಅಮ್ಮ ಜೋರಾಗಿ ನಕ್ಕುಬಿಟ್ಟಳು. “ಹೌದಲ್ಲ! ಈಗ ಯಾರನ್ನ ಬೈಯೋಣ ಹೇಳು?”

ಅಮ್ಮ ನಕ್ಕಿದ್ದು ಪ್ರೀತಿಯಿಂದಲೇ. ಆದರೆ ಪಿಟೀಲಿಗೆ ಅಳುವೇ ಬಂತು. ಎರಡು ಗಂಟೆ ಒದ್ದಾಡಿದ್ದಳು. ಆಟಕ್ಕೂ ಹೋಗಿರಲಿಲ್ಲ. ಅಷ್ಟು ಮಾಡಿದರೂ ಅಮ್ಮನಿಗೆ ನಿದ್ದೆ ಬರುವುದಿಲ್ಲ, ಶುಕ್ರವಾರ ಟೆಸ್ಟ್ ಹೋಗುತ್ತದೆ.

“ಹಾಗಿದ್ರೆ ಎಚ್ಚರವಾಗೇ ಇರು, ಹೋಗು!” ಎಂದವಳೇ ಮೊಬೈಲನ್ನು ಕಟಿಂಗ್ ಮೇಜಿನ ಮೇಲಿದ್ದ ಬಟ್ಟೆ ರಾಶಿಯೊಳಗೆ ಎಸೆದು, ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಳು.

ಅಪ್ಪ ಕಿಟಕಿ ತೆರೆದ. ಫ್ಯಾನ್ ಹಾಕಿದ. ಅಷ್ಟರಲ್ಲಿ ಬಾಗಿಲಲ್ಲಿ ಪೋಸ್ಟ್‌ಮ್ಯಾನ್ ಕಾಣಿಸಿಕೊಂಡರು.

“ಏನ್ರೀ ಟೈಲರ್ ಸಾಹೇಬ್ರೇ, ನನ್ನ ಪ್ಯಾಂಟ್ ಹುಟ್ಟಿತಾ, ಇನ್ನೂ ಇಲ್ವಾ?”

“ಬನ್ನಿ ಸಾರ್, ಬನ್ನಿ! ಒಂದು ಬಟನ್ ಬಾಕಿ. ನಾಳೆ ಖಂಡಿತ.”

“ಹೋದ ಸೋಮವಾರನೂ ನಾಳೆ ಅಂದ್ರಿ. ನಿಮ್ಮ ನಾಳೆಗೆ ಕಾಲು ನೋವೇನ್ರೀ, ಇಷ್ಟು ನಿಧಾನಕ್ಕೆ ಬರ್ತಿದೆ?”

ಅಪ್ಪ ಟೇಪಿಗಾಗಿ ತಡಕಾಡಿದ. “ಯಾರು ತಗೊಂಡ್ರಿ ನನ್ನ ಟೇಪು? ಪಿಟೀಲು!”

“ಏನು ಕಳೆದ್ರೂ ನನ್ನ ತಲೆಗೇ ಕಟ್ಟು! ನಿನ್ನ ಕುತ್ತಿಗೇಲೇ ನೇತಾಡ್ತಿದೆ ನೋಡ್ಕೋ!”

ಅಡುಗೆಮನೆಯಲ್ಲಿ ಯಾವುದೋ ಮುಚ್ಚಳ ಢಣ್ ಎಂದು ಬಿದ್ದು, ಗಿರಗಿರ ತಿರುಗಿ ನಿಂತಿತು. “ನಾನು ಬೀಳಿಸಿದ್ದಲ್ಲ, ಅದೇ ಬಿತ್ತು,” ಯಾರೂ ಕೇಳದಿದ್ದರೂ ಅಜ್ಜಿ ಕೂಗಿ ಹೇಳಿದಳು. ಪೋಸ್ಟ್‌ಮ್ಯಾನ್ ತಮ್ಮ ಪ್ಯಾಂಟ್ ಕಣ್ಣಾರೆ ನೋಡದ ಹೊರತು ಕದಲುವುದಿಲ್ಲ ಎಂದು ಸ್ಟೂಲ್ ಮೇಲೆ ಕೂತರು. ಅಪ್ಪ ಬಟನ್ ಹುಡುಕಿದ, ಸಿಗಲಿಲ್ಲ. ಬೇರೆ ಬಟನ್ ಸಿಕ್ಕಿತು, ಬಣ್ಣ ಹೊಂದಲಿಲ್ಲ. ಅದಕ್ಕೆ ಮತ್ತೆ ವಾದ. ಅಂತೂ ಬಟನ್ ಹೊಲಿದು, ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟು, “ಆ ಕಡೆ ರಾಶೀಲಿರೋ ಇಸ್ತ್ರಿಗೆ ಹಾಸೋ ಬಟ್ಟೆ ಕೊಡಮ್ಮ, ಕಾಲು ಗಂಟೇಲಿ ಕೆಲಸ ಮುಗಿಯುತ್ತೆ,” ಅಂದ ಅಪ್ಪ.

ಪಿಟೀಲು ಬಟ್ಟೆ ಎತ್ತಿದಳು. ಕೆಳಗೆ ಮೊಬೈಲ್ ಹೊಳೆಯುತ್ತಿತ್ತು. ಕಾಲ್ ಕಟ್ ಆಗಿರಲಿಲ್ಲ. ನಲವತ್ತೊಂದು ನಿಮಿಷ ಎಂದು ತೋರಿಸುತ್ತಿತ್ತು.

ಅವಳು ಅದನ್ನು ಕಿವಿಗಿಟ್ಟುಕೊಂಡಳು. ಒಂದು ಸಣ್ಣ ಗೊರಕೆ ಕೇಳಿಸಿತು. ನಡುವೆ ತಡೆದು, ಮತ್ತೆ ಹೊರಡುವ ಗೊರಕೆ. ಅಮ್ಮನದೇ.

ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಮೊಬೈಲನ್ನು ಅಪ್ಪನ ಕಡೆ ಚಾಚಿದಳು. ಅಪ್ಪ ಕೇಳಿದ. ಅವನ ಮುಖ ಅರಳಿತು. ಆಮೇಲೆ ಪರದೆ ನೋಡಿ ಗಾಬರಿಯಾದ. ಬ್ಯಾಟರಿ ನಾಲ್ಕು ಪರ್ಸೆಂಟ್. ಕೋಣೆಯಲ್ಲಿ ಇದ್ದಿದ್ದು ಒಂದೇ ಪ್ಲಗ್ ಪಾಯಿಂಟ್. ಅಪ್ಪ ಇಸ್ತ್ರಿಪೆಟ್ಟಿಗೆಯ ವೈರ್ ಕಿತ್ತು ಚಾರ್ಜರ್ ಸಿಕ್ಕಿಸಿದ.

“ಅಲ್ರೀ, ನನ್ನ ಪ್ಯಾಂಟು?” ಪೋಸ್ಟ್‌ಮ್ಯಾನ್ ಎದ್ದು ನಿಂತರು.

“ಅವ್ಳು ಮಲಗಿದ್ದಾಳೆ ಸಾರ್,” ಅಪ್ಪ ಪಿಸುಗುಟ್ಟಿದ. “ಹನ್ನೆರಡು ದಿನ ಆದ್ಮೇಲೆ.”

ಪೋಸ್ಟ್‌ಮ್ಯಾನ್ ಗಕ್ಕನೆ ಬಾಯಿ ಮುಚ್ಚಿದರು. ಅಜ್ಜಿ ಬಾಗಿಲ ಹತ್ತಿರ ತುದಿಗಾಲಲ್ಲಿ ನಿಂತಳು. ಅಪ್ಪ ಮೆಲ್ಲಗೆ ಫ್ಯಾನ್ ಸ್ವಿಚ್ಚಿಗೂ ಕೈ ಹಾಕಿದ. ಇಡೀ ಮನೆ ಗಪ್‌ಚಿಪ್.

ಮೊಬೈಲಿನಲ್ಲಿ ಗೊರಕೆ ನಿಂತಿತು. ಹಾಸಿಗೆ ಕಿರುಗುಟ್ಟಿತು. “ಊಂ...?” ಎಂದು ಅಮ್ಮ ಹೊರಳುವುದು ಕೇಳಿಸಿತು.

ಪಿಟೀಲು ಉಸಿರು ಬಿಗಿಹಿಡಿದು ನಿಂತಿದ್ದ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಮೊಬೈಲನ್ನು ನೋಡಿದಳು. ಆಮೇಲೆ ಹೋಗಿ ಫ್ಯಾನ್ ಮತ್ತೆ ಹಾಕಿದಳು.

“ಅಜ್ಜೀ,” ಅಂದಳು, ತನ್ನ ಮಾಮೂಲು ದನಿಯಲ್ಲೇ. “ನಿನ್ನ ಮೊಣಕಾಲು ನೋವು ಶುರುವಾಗಿದ್ದು ಹೇಗೆ?”

ಅಪ್ಪ ಬೆಚ್ಚಿಬಿದ್ದ. ಆ ಪ್ರಶ್ನೆಗೆ ಉತ್ತರ ಕಡಿಮೆ ಅಂದರೂ ಅರ್ಧ ಗಂಟೆ ಬರುತ್ತದೆ, ಅದಕ್ಕೇ ಆ ಮನೆಯಲ್ಲಿ ಯಾರೂ ಅದನ್ನು ಕೇಳುವ ಧೈರ್ಯ ಮಾಡುತ್ತಿರಲಿಲ್ಲ.

ಅಜ್ಜಿಯ ಕಣ್ಣು ಮಿನುಗಿತು. “ಅಯ್ಯೋ, ಅದೊಂದು ದೊಡ್ಡ ಕತೆ ಕಣೇ! ಮೊದಲು ಬಲಗಾಲಿಂದು ಹೇಳ್ತೀನಿ, ಆಮೇಲೆ ಎಡಗಾಲು.”

“ಬಲಗಾಲು ನಂದೂ ಹಾಗೇ ಅಜ್ಜಿ, ಸೈಕಲ್ ತುಳಿದೂ ತುಳಿದೂ...” ಎಂದು ಪೋಸ್ಟ್‌ಮ್ಯಾನ್ ಮತ್ತೆ ಸ್ಟೂಲ್ ಎಳೆದುಕೊಂಡರು. “ನಿಮ್ದು ಆಮೇಲೆ ಹೇಳಿ, ನನ್ನದು ಮೊದಲು,” ಎಂದು ಅಜ್ಜಿ ಗದರಿದಳು. ಅಪ್ಪ ತಲೆ ಚಚ್ಚಿಕೊಂಡು, ನಾಳೆ ಕೊಡಬೇಕಾದ ಇನ್ನಾರದೋ ಅಂಗಿಯನ್ನು ಮೆಷಿನ್ನಿಗೆ ಕೊಟ್ಟ.

ಮೊಬೈಲಿನಲ್ಲಿ ಗೊರಕೆ ಮೆಲ್ಲಗೆ ಮತ್ತೆ ಶುರುವಾಯಿತು.

ಪಿಟೀಲು ಅದರ ಪಕ್ಕ, ಮೇಜಿಗೆ ಗಲ್ಲ ಊರಿ ಕೂತಳು. ಅಜ್ಜಿ ದಮ್ಮು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದಾಗ, “ಆಮೇಲೆ?” ಎಂದಳು.